ಬೀಳದ ಇಲಿಗಳು

ಅಕ್ಕನ ಕೆಲಸವೇನು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಇಲಿಗಳಿಗೆ ಫಿಟ್ಸ್ ಬರಿಸುವುದು. ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. "ಬರಿಸೋದು ನಿಲ್ಲಿಸೋಕೆ ರೀ, ಸುಮ್ಮನೆ ಅಲ್ಲ" ಎಂದು ಅವಳು ಅವಸರವಸರವಾಗಿ ಸೇರಿಸುತ್ತಾಳೆ. ಅಷ್ಟರಲ್ಲಿ ಕೇಳಿದವರಿಗೆ ಬೇರೆಲ್ಲೋ ತುರ್ತು ಕೆಲಸ ನೆನಪಾಗಿರುತ್ತದೆ. ಹೀಗಾಗಿ ನೆಂಟರ ಮನೆಗಳಲ್ಲಿ 'ಕಾಲೇಜಿನಲ್ಲಿ ಕೆಲಸ' ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುವುದನ್ನು ಅವಳು ಎಂದೋ ಕಲಿತಿದ್ದಾಳೆ.

ಔಷಧ ವಿಜ್ಞಾನ ವಿಭಾಗದ ನೆಲಮಾಳಿಗೆಯಲ್ಲಿ ಅವಳ ಲ್ಯಾಬು. ಕಿಟಕಿಯೇನೋ ಇದೆ, ಅದರಲ್ಲಿ ಕಾಣುವುದು ಹೋಗುಬರುವವರ ಕಾಲುಗಳು ಮಾತ್ರ. ಚಪ್ಪಲಿ ನೋಡಿಯೇ ಇಂಥ ಪ್ರೊಫೆಸರು ಬಂದರು, ಇಂಥ ಗುಮಾಸ್ತ ಬೇಗ ಮನೆಗೆ ಹೊರಟ ಎಂದು ಹೇಳಬಲ್ಲಳು. ಒಂದು ಗೋಡೆಗೆ ಒಣಗಿದ ಎಲೆಗಳ ಚೀಲಗಳು, ಇನ್ನೊಂದಕ್ಕೆ ಗಾಜಿನ ಪೆಟ್ಟಿಗೆಗಳ ಸಾಲು. ಎಲೆ ಬರುವುದು ಪಾಳು ಜಾಗದ ಬೇಲಿಗಳ ಮೇಲೆ ಯಾರೂ ನೆಡದೆ, ಯಾರೂ ನೀರು ಹಾಕದೆ ಹಬ್ಬುವ ಒಂದು ಬಳ್ಳಿಯಿಂದ. ಅದರ ವಾಸನೆ ಮಾತ್ರ ದೇವರೇ ಬಲ್ಲ. ಒದ್ದೆ ಚರ್ಮಕ್ಕೂ ಕೊಳೆತ ಸೌತೆಕಾಯಿಗೂ ನಡುವೆ ಎಲ್ಲೋ ನಿಲ್ಲುತ್ತದೆ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇರುತ್ತದೆ. ಕಾಲೇಜಿನ ಹುಡುಗರು ಅವಳಿಗಿಟ್ಟ ಹೆಸರು 'ಎಲೆ ಮೇಡಂ'. ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ತಡೆದು, ಮೇಲಿನ ಕೋಟನ್ನು ಹೊರಗೆ ನೇತುಹಾಕಿಸಿಯೇ ಒಳಗೆ ಬಿಡುವುದು. ಅಕ್ಕನಿಗೆ ಮಾತ್ರ ಆ ವಾಸನೆ ಬರುವುದೇ ಇಲ್ಲ. ಅವಳ ಮೂಗು ಸೋತು ಸುಣ್ಣವಾಗಿ ವರ್ಷಗಳಾದವು. ಈ ಮೂಗಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ನಾತದ ನಡುವೆ ಅವಳು ಕುಳಿತಿರುವುದು ತಮ್ಮನಿಗಾಗಿ. ತಮ್ಮನಿಗೆ ಶಾಲೆಗೆ ಹೋಗುವ ಕಾಲದಿಂದ ಫಿಟ್ಸ್ ಇದೆ. ಮೊದಲ ಸಲ ಬಂದಾಗ ಅವನು ಪರೀಕ್ಷೆ ಬರೆಯುತ್ತಿದ್ದ; ಉತ್ತರ ಗೊತ್ತಿಲ್ಲದೆ ನಾಟಕ ಮಾಡುತ್ತಿದ್ದಾನೆಂದು ಮೇಷ್ಟ್ರು ಅವನಿಗೆ ಬೈದರಂತೆ. ಈಗ ಅವನು ದರ್ಜಿ. ಪೇಟೆಯ ದೊಡ್ಡ ಹೊಲಿಗೆ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಕತ್ತರಿ ಇಟ್ಟನೆಂದರೆ, ಬಟ್ಟೆ ತಾನಾಗಿ ಬಾಯಿಬಿಟ್ಟು ದಾರಿ ಕೊಡುತ್ತಿತ್ತು ಎಂದು ಅಂಗಡಿಯ ಯಜಮಾನ ಇಂದಿಗೂ ಗಿರಾಕಿಗಳ ಮುಂದೆ ಹೇಳುವುದುಂಟು. ಹೇಳುವುದು 'ಕೊಡುತ್ತಿತ್ತು' ಎಂದು. ಈಗ ಕೊಡುವುದಿಲ್ಲ.

ಕಾರಣ, ಮಾತ್ರೆ. ಮೊದಲು ಕೊಟ್ಟ ಮಾತ್ರೆಗೆ ಮೈಯೆಲ್ಲ ಗಂಧೆ ಎದ್ದವು. ಎರಡನೆಯದು ಅವನನ್ನು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮಲಗಿಸಿತು. ಮೂರನೆಯದು ಫಿಟ್ಸನ್ನೇನೋ ನಿಲ್ಲಿಸಿತು, ಜತೆಗೆ ಕೈಗೆ ನಡುಕ ಕೊಟ್ಟಿತು. ಬೇರೆ ಯಾರಿಗಾದರೂ ಆ ನಡುಕ ಲೆಕ್ಕಕ್ಕೇ ಬರುತ್ತಿರಲಿಲ್ಲ. ಚಹಾದ ಲೋಟ ಹಿಡಿದಾಗ ಮೇಲಿನ ಕೆನೆ ಅಲುಗುವಷ್ಟು, ಅಷ್ಟೇ. ಆದರೆ ದರ್ಜಿಯ ಕೈ ಅಷ್ಟು ಅಲುಗಿದರೆ ಕಥೆ ಮುಗಿಯಿತು. ಕತ್ತರಿ ಗೆರೆ ಬಿಟ್ಟು ಹೋಗತೊಡಗಿತು. ಯಜಮಾನ ಒಳ್ಳೆಯವನೇ, ಕೆಲಸದಿಂದ ತೆಗೆಯಲಿಲ್ಲ. ಗುಂಡಿ ಹಚ್ಚುವುದು, ಅಂಚು ಮಡಿಚುವುದು ಕೊಟ್ಟ. ಆದರೆ ಸೂಜಿಯ ಕಣ್ಣಿಗೆ ದಾರ ಹೋಗಬೇಕಲ್ಲ. ದಾರದ ತುದಿಯನ್ನು ಎಂಜಲು ಮಾಡಿ, ಹಲ್ಲಲ್ಲಿ ಕಡಿದು, ಮತ್ತೆ ಎಂಜಲು ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದು ಅವನು ಮಾಡುವ ಗುದ್ದಾಟ ನೋಡಲಾರದೆ ಅಕ್ಕ ದಿನಾ ಬೆಳಿಗ್ಗೆ ಒಂದು ಸಾಲು ಸೂಜಿಗಳಿಗೆ ದಾರ ಪೋಣಿಸಿ, ಪುಟ್ಟ ದಿಂಬಿಗೆ ಚುಚ್ಚಿ, ಅವನ ಊಟದ ಡಬ್ಬಿಯ ಪಕ್ಕ ಇಟ್ಟು ಕೆಲಸಕ್ಕೆ ಹೋಗುತ್ತಿದ್ದಳು.

ಪ್ರತಿ ಸಂಜೆ ಊಟಕ್ಕೆ ಕೂತಾಗ ತಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಇವತ್ತು ಇಲಿಗಳು ಏನಂದವು?"

"ಏನೂ ಅನ್ನಲಿಲ್ಲ ಕಣೋ, ಉಣ್ಣು."

ಈ ಉತ್ತರ ವರ್ಷಗಟ್ಟಲೆ ನಡೆಯಿತು. ಅಕ್ಕನ ಪರೀಕ್ಷೆಯ ರೀತಿ ಹೀಗೆ: ಇಲಿಗೆ ಮೊದಲು ಎಲೆಯ ಔಷಧಿ ಕೊಡುವುದು, ಸ್ವಲ್ಪ ಹೊತ್ತು ಬಿಟ್ಟು ಫಿಟ್ಸ್ ತರಿಸುವ ಇಂಜೆಕ್ಷನ್ ಚುಚ್ಚುವುದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಫಿಟ್ಸಿಗೂ ಮೆಟ್ಟಿಲುಗಳಿವೆ. ಮೊದಲು ಇಲಿಯ ಬಾಯಿ ಆಡುತ್ತದೆ, ಏನೋ ಜಗಿಯುವ ಹಾಗೆ. ಅದು ಒಂದು. ತಲೆ ತೂಗಿದರೆ ಎರಡು. ಮುಂಗಾಲು ಎಳೆದರೆ ಮೂರು. ಹಿಂಗಾಲ ಮೇಲೆ ಎದ್ದರೆ ನಾಲ್ಕು. ಆಮೇಲೆ ಬೀಳುತ್ತದೆ. ಸ್ಟಾಪ್‌ವಾಚು ಹಿಡಿದು ಅವಳು ಮೆಟ್ಟಿಲಿನ ಸಂಖ್ಯೆಯನ್ನು ಮೆಲ್ಲಗೆ ಹೇಳಿಕೊಳ್ಳುತ್ತಾಳೆ. ಪಕ್ಕದ ಪಂಜರದಲ್ಲಿ ಎಲೆಯ ಔಷಧಿ ಇಲ್ಲದೆ ಬರೀ ಉಪ್ಪುನೀರು ಕುಡಿದ ಗುಂಪೊಂದು ಇರಬೇಕು, ಹೋಲಿಸಿ ನೋಡಲು. ಲ್ಯಾಬಿನವರ ಭಾಷೆಯಲ್ಲಿ ಅದಕ್ಕೆ ಕಂಟ್ರೋಲ್ ಗುಂಪು ಎನ್ನುತ್ತಾರೆ. ಮೊದಲ ವರ್ಷ ಎಲೆಯನ್ನು ನೀರಿನಲ್ಲಿ ಕುದಿಸಿ ಕೊಟ್ಟಳು. ಉಪ್ಪುನೀರಿನ ಇಲಿಗಳೂ ಬಿದ್ದವು, ಎಲೆಯ ನೀರಿನ ಇಲಿಗಳೂ ಬಿದ್ದವು. ಮನೆಗೆ ಬಂದು, ಏನೂ ಅನ್ನಲಿಲ್ಲ ಎಂದಳು. ಸೋತು ಬಂದ ಸುದ್ದಿಯನ್ನು ಅನ್ನದ ತಟ್ಟೆಯ ಮುಂದೆ ಯಾರು ಹೇಳುತ್ತಾರೆ?

ಎಲೆಯಲ್ಲಿ ಔಷಧದ ಗುಣವಿರುವ ಅಂಟು ನೀರಿನಲ್ಲಿ ಕರಗುವುದಿಲ್ಲ, ಅದಕ್ಕೇ ಹೀಗಾಗುತ್ತಿದೆ ಎಂದು ಅವಳ ಸಂಶೋಧನೆಯ ಗೈಡ್ ಹೇಳಿದರು. ಆಕೆಯ ಗೈಡ್ ಅಂದರೆ ಸದಾ ಎಲ್ಲಿಗೋ ಹೊರಟಂತೆ ಬ್ಯಾಗು ಹೆಗಲಿಗೇರಿಸಿಕೊಂಡೇ ಮಾತಾಡುವ ಮನುಷ್ಯ. ಸರಿ, ಎಣ್ಣೆಯಂತೆ ಮಂದವಾದ ಒಂದು ದ್ರಾವಕದಲ್ಲಿ ಕರಗಿಸಿದ್ದಾಯಿತು. ಈಗ ಹೊಸ ದ್ರಾವಕಕ್ಕೆ ತಕ್ಕ ಹಾಗೆ ಹೊಸ ಕಂಟ್ರೋಲ್ ಗುಂಪು ಮಾಡಬೇಕು, ಬರೀ ದ್ರಾವಕ ಮಾತ್ರ ಕೊಟ್ಟು. ಅದಕ್ಕೆ ಆರು ಇಲಿ ಬೇಕು. ಆರೂ ಬಿದ್ದು ಒದ್ದಾಡುವುದು ಖಂಡಿತ, ಆಮೇಲೆ ಅವುಗಳ ಕಥೆ ಮುಗಿಯುವುದೂ ಖಂಡಿತ. ಅಷ್ಟು ವರ್ಷ ಇಲಿ ಬೀಳುವುದನ್ನು ನೋಡಿ ನೋಡಿ ಅಕ್ಕನ ಕರುಳು ಬೆಂದಿತ್ತು. ಬಿದ್ದ ಪ್ರತಿ ಇಲಿಯಲ್ಲೂ ಅವಳಿಗೆ ಪರೀಕ್ಷೆಯ ಕೊಠಡಿಯ ನೆಲದ ಮೇಲೆ ಬಿದ್ದ ತಮ್ಮ ಕಾಣುತ್ತಿದ್ದ.

"ಸರ್, ಹಳೇ ಕಂಟ್ರೋಲ್ ಇದೆಯಲ್ಲ, ಉಪ್ಪುನೀರಿಂದು. ಅದನ್ನೇ ಇಟ್ಕೊಂಡ್ರೆ ಆಗಲ್ವಾ? ಈ ಆರು ಉಳೀತವೆ" ಎಂದಳು.

"ಇಟ್ಕೊಳ್ಳಿ, ಇಟ್ಕೊಳ್ಳಿ. ಪ್ರಾಣಿ ಕಡಿಮೆ ಬಳಸಿ ಅಂತ ಪ್ರಯೋಗಕ್ಕೆ ಒಪ್ಪಿಗೆ ಕೊಡೋ ಸಮಿತಿಯವರೂ ಬಾಯಿ ಬಡ್ಕೋತಾ ಇರ್ತಾರೆ" ಎಂದರು ಗೈಡು, ಲ್ಯಾಬಿನ ಮೆಟ್ಟಿಲು ಅರ್ಧ ಹತ್ತಿ ನಿಂತು.

ಆ ಆರು ಇಲಿಗಳು ಪಂಜರದಲ್ಲಿ ಹೊಟ್ಟಿನ ಮೇಲೆ ಓಡಾಡಿಕೊಂಡಿರುವುದನ್ನು ನೋಡಿ ಅವಳಿಗೆ ಅಂದು ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು. ಪಾಪದ ಜೀವಗಳ ಮೇಲೆ ಕನಿಕರ ತೋರಿಸಿದ್ದಕ್ಕೆ ಫಲವೋ ಎಂಬಂತೆ, ಹೊಸ ಔಷಧಿ ಕುಡಿದ ಇಲಿಗಳಲ್ಲಿ ಒಂದೂ ಬೀಳಲಿಲ್ಲ. ಒಂದೇ ಒಂದೂ! ಹೆಚ್ಚೆಂದರೆ ಒಂದೆರಡು ಬಾಯಾಡಿಸಿದವು. ಅಕ್ಕ ಲ್ಯಾಬಿನಲ್ಲಿ ಒಬ್ಬಳೇ ನಿಂತು ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಅಂದು ಸಂಜೆ ತಮ್ಮ ಕೇಳುವ ತನಕ ಕಾಯಲಿಲ್ಲ. ಬಾಗಿಲಲ್ಲಿ ಕೋಟು ಕಳಚುತ್ತಲೇ ಕೂಗಿದಳು. "ಎಲ್ಲಾ ನಿಂತವು ಕಣೋ! ಒಂದೂ ಬೀಳಲಿಲ್ಲ!"

ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕಣ್ಣೊರೆಸಿಕೊಂಡಳು. ತಮ್ಮ ತನ್ನ ಬಲಗೈಯನ್ನು ಮುಂದೆ ಚಾಚಿ, ಬೆರಳುಗಳು ಅಲುಗುವುದನ್ನೇ ನೋಡುತ್ತಾ ಕುಳಿತ. ಆಗಲೇ ಅಕ್ಕ ಆ ನೋಟವನ್ನು ಓದಬೇಕಿತ್ತು. ಇಲಿಯ ಮೀಸೆ ಅಲುಗಿದರೆ ಕಾಣುವ ಕಣ್ಣಿಗೆ ಎದುರಿಗಿದ್ದ ತಮ್ಮನ ಮನಸ್ಸು ಕಾಣಲಿಲ್ಲ, ಏನು ಹೇಳೋಣ!

ಮುಂದಿನ ವಾರಗಳು ಗಾಳಿಯಲ್ಲಿ ತೇಲಿದಂತೆ ಕಳೆದವು. ಗೈಡು ಒಂದು ದೊಡ್ಡ ಸಭೆಯಲ್ಲಿ ಇಲಿಗಳ ಚಿತ್ರ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದರು. ಈಗ ಪ್ರಬಂಧ ಬರೆಯಬೇಕು. ಅಕ್ಕ ಬರೆಯಲು ಕುಳಿತಳು. ಎಲೆ ಎಲ್ಲಿಂದ ಬಂತು, ಹೇಗೆ ಒಣಗಿಸಿದ್ದು, ಎಲ್ಲ ಸರಾಗವಾಗಿ ಬಂತು. ಕಂಟ್ರೋಲ್ ಗುಂಪಿಗೆ ಏನು ಕೊಟ್ಟಿರಿ ಎಂಬ ಒಂದು ಸಾಲಿನ ಹತ್ತಿರ ಬಂದು ನಿಂತಳು. ಉಪ್ಪುನೀರು ಎಂದು ಬರೆದರೆ ಓದಿದವರು ನಗುತ್ತಾರೆ. ದ್ರಾವಕ ಎಂದು ಬರೆದರೆ ಅದು ಸುಳ್ಳು. ಬರೆದಳು, ಹೊಡೆದು ಹಾಕಿದಳು, ಬರೆದಳು, ಹೊಡೆದು ಹಾಕಿದಳು. ಕೊನೆಗೆ ತನ್ನ ಮೇಲೆ ತನಗೇ ರೇಗಿ, ಆ ಆರು ಇಲಿಗಳ ಪಂಜರವನ್ನು ಮೇಜಿನ ಮೇಲೆ ತಂದಿಟ್ಟಳು. ಬರೀ ಶಾಸ್ತ್ರಕ್ಕೆ ಮಾಡಿ ಮುಗಿಸಿದರಾಯಿತು, ಬೀಳುವುದಂತೂ ಗೊತ್ತಿದ್ದದ್ದೇ ಎಂದುಕೊಂಡಳು.

ಬರೀ ದ್ರಾವಕ ಕೊಟ್ಟಳು, ಎಲೆಯ ಚೂರೂ ಇಲ್ಲದೆ. ಕಾದಳು. ಇಂಜೆಕ್ಷನ್ ಚುಚ್ಚಿದಳು. ಸ್ಟಾಪ್‌ವಾಚು ಒತ್ತಿದಳು.

ಮೊದಲ ಇಲಿ ಗಾಜಿನ ಮೂಲೆ ಮೂಸಿತು. ಮೀಸೆ ತೊಳೆದುಕೊಂಡಿತು. ಎರಡನೆಯದು ಒಂದು ಸುತ್ತು ಹೊಡೆದು ಕುಳಿತುಕೊಂಡಿತು. ಮೂರನೆಯದು ಅವಳ ಮುಖವನ್ನೇ ನೋಡಿತು, ಇನ್ನೇನು ಸಮಾಚಾರ ಎನ್ನುವಂತೆ.

"ಬೀಳೇ" ಎಂದಳು ಅಕ್ಕ ಮೆಲ್ಲಗೆ.

ಬೀಳಲಿಲ್ಲ. ಇಷ್ಟು ವರ್ಷ ಬೀಳಬೇಡ ಬೀಳಬೇಡ ಎಂದು ಬೇಡಿಕೊಂಡವಳು, ಇಂದು ಗಾಜಿಗೆ ಹಣೆಯೊತ್ತಿ, "ಬೀಳೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ, ಒಂದಾದರೂ ಬೀಳ್ರೇ" ಎಂದು ಗೋಗರೆದಳು. ಆರರಲ್ಲಿ ಒಂದೂ ಬೀಳಲಿಲ್ಲ. ಎಲೆ ಕುಡಿದವು ಹೇಗೆ ನಿಂತಿದ್ದವೋ ಹಾಗೆಯೇ ನಿಂತವು. ಇಲಿಗಳನ್ನು ಕಾಪಾಡಿದ್ದು ಎಲೆಯಲ್ಲ, ಎಲೆಯನ್ನು ಕರಗಿಸಿದ ಆ ದರಿದ್ರ ದ್ರಾವಕ! ಆವತ್ತು ಈ ಆರನ್ನು ಉಳಿಸದೆ ಪರೀಕ್ಷೆ ಮಾಡಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಅವಳು ಸ್ಟೂಲಿನ ಮೇಲೆ ಕುಸಿದು ತಲೆಯ ಮೇಲೆ ಕೈಹೊತ್ತು ಕುಳಿತಳು. ಸಿಟ್ಟಿಗೆ ಮೈ ಪರಚಿಕೊಳ್ಳುವಂತಾಯಿತು, ಆದರೆ ಸಿಟ್ಟು ಯಾರ ಮೇಲೆ ಮಾಡುವುದು? ಇಲಿಗಳ ಮೇಲೆಯೇ?

ಗೈಡಿಗೆ ಹೇಳಲು ಮೇಲೆ ಹೋದಳು. ಅವರು ಬ್ಯಾಗು ಹೆಗಲಿನಿಂದ ಇಳಿಸಿದರು. ಅಷ್ಟು ವರ್ಷದಲ್ಲಿ ಅವರು ಬ್ಯಾಗು ಇಳಿಸಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಆ ಕಂಟ್ರೋಲ್ ಮತ್ತೆ ಮಾಡು ಅಂತ ನಿಮಗೆ ಯಾರಮ್ಮ ಹೇಳಿದ್ದು?"

"ಸಾಲು ಬರೆಯೋಕೆ ಆಗ್ಲಿಲ್ಲ ಸರ್."

"ಬರೆಯೋಕೆ ಆಗ್ಲಿಲ್ಲ! ನಾನು ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಈಗ ಯಾವ ಮುಖ ಇಟ್ಕೊಂಡು ಅದನ್ನ ವಾಪಸ್ ತಗೊಳ್ಳಲಿ?"

ನೀವೇ ಅಲ್ಲವೇ 'ಇಟ್ಕೊಳ್ಳಿ' ಎಂದಿದ್ದು ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿಕೊಂಡು ಮೆಟ್ಟಿಲಿಳಿದಳು. ಗೈಡಿನ ಮುಖ ಹೇಗೋ ಉಳಿಯುತ್ತದೆ, ಅಂಥವರ ಮುಖಗಳು ಗಟ್ಟಿ. ಅವಳ ಚಿಂತೆ ಬೇರೆ. ಇದನ್ನು ಮನೆಯಲ್ಲಿ ಹೇಳುವುದು ಹೇಗೆ? 'ಎಲ್ಲಾ ನಿಂತವು' ಎಂದು ಬಾಗಿಲಲ್ಲೇ ಕೂಗಿದ್ದವಳು, ಈಗ ಯಾವ ಬಾಯಲ್ಲಿ ಇಲ್ಲ ಎನ್ನುವುದು? ಬಸ್ಸಿನಲ್ಲಿ ಪಕ್ಕದ ಖಾಲಿ ಸೀಟಿಗೆ ಹೇಳಿ ಹೇಳಿ ಅಭ್ಯಾಸ ಮಾಡಿದಳು.

ಮನೆಗೆ ಬಂದಾಗ ತಮ್ಮ ಕಿಟಕಿಯ ಬಳಿ ಕುಳಿತಿದ್ದ. ಅವನ ಮುಖದಲ್ಲಿ ಒಂದು ತುಂಟ ನಗೆಯಿತ್ತು, ಎಷ್ಟೋ ವರ್ಷದಿಂದ ಅವಳು ಕಾಣದ ನಗೆ.

"ಅಕ್ಕಾ, ಇಲ್ಲಿ ನೋಡು. ನೋಡ್ತಾ ಇರು."

ಎಡಗೈಯಲ್ಲಿ ಸಣ್ಣ ಸೂಜಿ ಎತ್ತಿ ಹಿಡಿದ. ಬಲಗೈಯಲ್ಲಿ ಕಪ್ಪು ದಾರ. ಎಂಜಲು ಹಚ್ಚಲಿಲ್ಲ, ಬೆಳಕಿಗೆ ತಿರುಗಿಸಲಿಲ್ಲ. ಒಂದೇ ಸಲಕ್ಕೆ ದಾರವನ್ನು ಸೂಜಿಯ ಕಣ್ಣಿನಲ್ಲಿ ತೂರಿಸಿ, ಆ ಕಡೆಯಿಂದ ಎಳೆದು, ತುದಿಗೆ ಗಂಟು ಹಾಕಿದ. ಬೆರಳು ಕಲ್ಲಿನಂತೆ ನಿಂತಿತ್ತು.

ಬೇರೆ ಯಾರೇ ಆಗಿದ್ದರೂ ಚಪ್ಪಾಳೆ ತಟ್ಟುತ್ತಿದ್ದರು. ಆ ಕೈ ನಿಲ್ಲಬೇಕಾದರೆ ಏನು ನಿಂತಿರಬೇಕು ಎಂಬುದು ಅಕ್ಕನಿಗೆ ಗೊತ್ತಿತ್ತು.

"ಮಾತ್ರೆ ಬಿಟ್ಟಿದೀಯಾ?"

ತಮ್ಮ ದಾರವನ್ನು ಹಲ್ಲಲ್ಲಿ ಕಡಿದ. "ನೀನು ಹೇಳಿದ ಮಾರನೇ ದಿನದಿಂದಾನೇ ಎಲೆ ಕುಡೀತಿದೀನಿ. ಆಮೇಲೆ ಮಾತ್ರೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಬಂದೆ. ಈಗ ಪೂರಾ ಇಲ್ಲ."

"ಎಲೆ ಎಲ್ಲಿಂದ ಬಂತು?"

"ರೈಲು ಹಳಿ ಪಕ್ಕದ ಬೇಲಿಯಿಂದ. ಅಮ್ಮ ಕುದಿಸಿ ಕೊಡ್ತಾಳೆ. ನಿನಗೆ ಆಶ್ಚರ್ಯ ಆಗ್ಲಿ ಅಂತ ಹೇಳಿರಲಿಲ್ಲ."

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಮನೆಯೆಲ್ಲ ಆ ನಾತ ಹೊಡೆಯುತ್ತಿದ್ದಿರಬೇಕು, ಎಷ್ಟು ದಿನದಿಂದಲೋ. ಆದರೆ ಅಕ್ಕನ ಮೂಗಿಗೆ ಏನು ತಿಳಿಯಬೇಕು? ಬಾಗಿಲಲ್ಲಿ ಕೋಟು ಬಿಚ್ಚಿಸುವ ಅಮ್ಮ, ಒಳಗೆ ಒಲೆಯ ಮೇಲೆ ಅದೇ ಎಲೆಯನ್ನು ಕುದಿಸುತ್ತಿದ್ದಳು!

"ಆ ಎಲೆ ಏನೂ ಮಾಡಲ್ಲ ಕಣೋ!" ಅಕ್ಕ ಕಿರುಚಿದಳು. ಬಸ್ಸಿನಲ್ಲಿ ಮಾಡಿದ ಅಭ್ಯಾಸವೆಲ್ಲ ಮಣ್ಣುಪಾಲಾಯಿತು.

"ಎಲ್ಲಾ ನಿಂತವು ಅಂದ್ಯಲ್ಲ?"

"ನಿಂತಿದ್ದು ಎಲೆಯಿಂದಲ್ಲ. ಎಲೆ ಕರಗಿಸೋಕೆ ಹಾಕಿದ ದ್ರಾವಕದಿಂದ. ಇವತ್ತು ಬರೀ ಅದನ್ನೇ ಕೊಟ್ಟೆ. ಆಗಲೂ ಒಂದೂ ಬೀಳಲಿಲ್ಲ."

ತಮ್ಮ ಸ್ವಲ್ಪ ಯೋಚಿಸಿದ. "ಹಾಗಾದ್ರೆ ಅದನ್ನೇ ತಂದುಕೊಡು."

"ಹೌದಲ್ಲ, ಅದನ್ನೇ ತಾ" ಎಂದಳು ಅಮ್ಮ, ಸಮಸ್ಯೆ ಬಗೆಹರಿದವರ ದನಿಯಲ್ಲಿ.

"ಅಮ್ಮಾ, ಅದು ಕಾರಿನ ಎಂಜಿನ್ ತಂಪಾಗಿಡೋಕೆ ಹಾಕೋ ಪದಾರ್ಥದ ದಾಯಾದಿ! ಇಲಿಗೆ ಕೊಟ್ಟ ಲೆಕ್ಕದಲ್ಲಿ ಇವನು ಕುಡೀಬೇಕು ಅಂದ್ರೆ ಲೋಟಗಟ್ಟಲೆ ಕುಡೀಬೇಕು. ಫಿಟ್ಸ್ ಹೋಗೋ ಮೊದಲು ಇವನೇ ಹೋಗ್ತಾನೆ."

"ಆದ್ರೆ ನನಗೆ ಬಂದಿಲ್ಲವಲ್ಲ" ಎಂದ ತಮ್ಮ. ಅವನ ದನಿ ಏರತೊಡಗಿತ್ತು. "ಮಾತ್ರೆ ಬಿಟ್ಟ ಮೇಲೆ ಒಂದು ಸಲನೂ ಬಂದಿಲ್ಲ."

"ಬಂದಿಲ್ಲ ಅಂದ ಮಾತ್ರಕ್ಕೆ ಎಲೆ ತಡೀತು ಅಂತಲ್ಲ. ಎಲೆ ಕುಡೀದೇ ಇದ್ದಿದ್ರೂ ಇಷ್ಟು ದಿನ ಬರ್ತಿರಲಿಲ್ಲವೇನೋ. ಯಾರು ಕಂಡರು?"

"ಹೋಲಿಸಿ ನೋಡೋಕೆ ನಾನು ಇನ್ನೊಬ್ಬ ಇದೀನಾ ಅಕ್ಕ?"

ಅಕ್ಕ ರೇಗಿ, ಹೇಳಬಾರದ್ದನ್ನು ಹೇಳಿದಳು. "ನೀರಲ್ಲಿ ಕುದಿಸಿದ್ದು ಕೆಲಸಕ್ಕೆ ಬರಲ್ಲ ಅಂತ ಮೊದಲನೇ ವರ್ಷವೇ ಗೊತ್ತಾಗಿತ್ತು. ಕುಡಿದ ಇಲಿಗಳೆಲ್ಲ ಬಿದ್ದಿದ್ದವು."

ತಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿದ.

"ಅದನ್ನ ಯಾವಾಗ ಹೇಳಿದೆ?"

"ನೀನು ದಿನಾ ಕೇಳ್ತಿದ್ದೆ. ನಾನು, ಏನೂ ಅನ್ನಲಿಲ್ಲ ಅಂತಿದ್ದೆ."

"ಏನೂ ಅನ್ನಲಿಲ್ಲ ಅಂದ್ರೆ ಬಿದ್ದು ಸತ್ತವು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನಾನು ಅವಕ್ಕೆ ಅವತ್ತು ರಜಾ ಅಂದ್ಕೊಂಡಿದ್ದೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ಊಟ ಮಾಡಲಿಲ್ಲ. ಡಾಕ್ಟರರ ಕ್ಲಿನಿಕ್ಕು ಆ ಹೊತ್ತಿಗೆ ಮುಚ್ಚಿತ್ತು. ಬಿಟ್ಟ ಮಾತ್ರೆಯನ್ನು ಎಷ್ಟರಿಂದ ಶುರು ಮಾಡಬೇಕು ಎಂದು ಅವರನ್ನೇ ಕೇಳಬೇಕಿತ್ತು. ತಮ್ಮ ಕೊನೆಗೆ ತಾನೇ ಸೋತವನಂತೆ ಹತ್ತಿರ ಬಂದ.

"ನಾಳೆ ಬರ್ತೀನಿ, ನೀನು ಕರೆದಲ್ಲಿಗೆ. ಆದರೆ ಬೆಳಿಗ್ಗೆ ಒಂದು ಕೋಟಿನ ಬಟ್ಟೆ ಕತ್ತರಿಸಬೇಕು. ಯಜಮಾನ್ರು ಮತ್ತೆ ಕತ್ತರಿ ಕೊಟ್ಟಿದಾರೆ ಅಕ್ಕ. ಇದೊಂದು ಕತ್ತರಿಸಿ ಬರ್ತೀನಿ. ಮತ್ತೆ ಕೈ ನಡುಗೋಕೆ ಶುರುವಾಗೋ ಮೊದಲು, ಇದೊಂದು."

ಬೇಡ ಎನ್ನಬೇಕಿತ್ತು. ಆದರೆ ಅವನ ಮುಖ ನೋಡಿದಳು. ಆರು ಇಲಿಗಳನ್ನು ಉಳಿಸಿದ್ದ ಅದೇ ಕನಿಕರ ಮತ್ತೆ ಅಡ್ಡ ಬಂತು. "ಇದೊಂದೇ" ಎಂದಳು.

ಮರುದಿನ ಕಾಲೇಜಿಗೆ ರಜೆ ಹಾಕಿ, ಅವನನ್ನು ಕರೆದುಕೊಂಡು ಹೋಗಲು ಅಂಗಡಿಗೇ ಹೋದಳು. ಉದ್ದನೆಯ ಮೇಜಿನ ಮೇಲೆ ಬೂದು ಬಣ್ಣದ ದಪ್ಪ ಬಟ್ಟೆ ಹರಡಿತ್ತು. ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು, ಕತ್ತಿಗೆ ಅಳತೆ ಟೇಪು ಹಾಕಿಕೊಂಡು ತಮ್ಮ ಕತ್ತರಿ ಓಡಿಸುತ್ತಿದ್ದ. ಕತ್ತರಿಯ ಕೆಳಗಿನ ಅಲಗು ಮೇಜಿಗೆ ತಾಗಿಕೊಂಡೇ ಸಾಗುತ್ತಿತ್ತು, ಗೆರೆಯ ಮೇಲೆ, ಎಳ್ಳಷ್ಟೂ ಆಚೀಚೆ ಇಲ್ಲದೆ. ಕೋಟಿನ ತೋಳಿನ ಬಳಿಯ ತಿರುವಿನಲ್ಲಿ ಅವನು ಮೈಯನ್ನೇ ಒಂದಿಷ್ಟು ತಿರುಗಿಸಿದ. ಅವನ ಕೆಲಸವನ್ನು ಇಷ್ಟು ಹತ್ತಿರದಿಂದ ಅವಳು ಎಂದೂ ನಿಂತು ನೋಡಿರಲಿಲ್ಲ.

"ನೋಡಿದ್ರೇನಮ್ಮ? ನಮ್ಮ ಮಾಸ್ಟರ್ ವಾಪಸ್ ಬಂದ್ರು" ಎಂದ ಯಜಮಾನ, ಹಲ್ಲೆಲ್ಲ ಕಾಣುವಂತೆ ನಕ್ಕು.

ಅಕ್ಕ ನಗಲು ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮನ ಬಾಯಿ ಆಡಿದ್ದು ಕಂಡಿತು. ಏನೋ ಜಗಿಯುವ ಹಾಗೆ, ಮೆಲ್ಲಗೆ. ಯಜಮಾನನಿಗೆ ಅದು ಅಡಿಕೆಯೋ ಮಿಠಾಯಿಯೋ. ಅಕ್ಕನ ತಲೆಯೊಳಗೆ, ಯಾರೂ ಕೇಳದೆ, ಅವಳದೇ ದನಿ 'ಒಂದು' ಎಂದಿತು. ಅವನ ತಲೆ ಎಡಕ್ಕೆ ತೂಗಿತು. 'ಎರಡು.' ಅವಳ ಹೆಬ್ಬೆರಳು ಸ್ಟಾಪ್‌ವಾಚನ್ನು ಹುಡುಕುತ್ತಿತ್ತು, ಅಲ್ಲಿ ಇಲ್ಲದ ಸ್ಟಾಪ್‌ವಾಚನ್ನು. ಥೂ, ಈ ಹಾಳು ಅಭ್ಯಾಸ! ಮೇಜು ಸುತ್ತುವಷ್ಟು ವ್ಯವಧಾನವಿರಲಿಲ್ಲ. ಬಟ್ಟೆಯ ಮೇಲೆಯೇ ಬಾಗಿ ಅವನ ಮಣಿಕಟ್ಟು ಹಿಡಿದಳು. 'ಮೂರು.' ಆ ಕೈ ಒಮ್ಮೆ ಜಗ್ಗಿತು. ಕತ್ತರಿ ಗೆರೆ ದಾಟಿ ಕೋಟಿನ ಬೆನ್ನನ್ನು ಅಡ್ಡಕ್ಕೆ ಸೀಳಿಕೊಂಡು ಹೋಯಿತು. ಆಮೇಲೆ ಕತ್ತರಿ ಅವಳ ಕೈಗೆ ಬಂತು, ತಮ್ಮ ನೆಲಕ್ಕೆ ಬಿದ್ದ.

ಅವನನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಚಿಂದಿ ಬಟ್ಟೆಯ ಗಂಟು ಇಟ್ಟು, ಕತ್ತಿನ ಟೇಪು ಬಿಚ್ಚಿ ಎಸೆದಳು. ಬಾಯಿಗೆ ಏನಾದರೂ ಇಡಿ ಎಂದು ಚಮಚ ಹಿಡಿದು ಬಂದ ಯಜಮಾನನಿಗೆ, "ಏನೂ ಇಡಬೇಡಿ, ಜಾಗ ಬಿಡಿ" ಎಂದು ಗದರಿದಳು. ಇಷ್ಟೆಲ್ಲ ಅವಳಿಗೆ ಕರತಲಾಮಲಕ. ನಿಲ್ಲಿಸುವುದೊಂದು ಮಾತ್ರ ಗೊತ್ತಿಲ್ಲ. ಅಷ್ಟು ವರ್ಷ ನೆಲಮಾಳಿಗೆಯಲ್ಲಿ ಕುಳಿತು ಎಲೆ ಅರೆದವಳು, ತನ್ನ ತಮ್ಮ ಕಾಲ ಬಳಿ ಒದ್ದಾಡುತ್ತಿದ್ದಾಗ ಅದು ತಾನಾಗಿ ನಿಲ್ಲಲಿ ಎಂದು ಕಾಯುತ್ತಾ ಕೂರಬೇಕಾಯಿತು. ಎಲ್ಲರ ಹಾಗೆ.

ನಿಂತಿತು. ಬಹಳ ಹೊತ್ತಿನ ಮೇಲೆ ತಮ್ಮ ಕಣ್ಣು ತೆರೆದ. ಮೊದಲು ಎಲ್ಲಿದ್ದೇನೆಂದು ತಿಳಿಯಲಿಲ್ಲ. ಆಮೇಲೆ ಮೇಜಿನ ಅಂಚಿನಿಂದ ನೇತಾಡುತ್ತಿದ್ದ ಬೂದು ಬಟ್ಟೆ ಕಂಡಿತು.

"ಬಟ್ಟೆ ಕೆಟ್ಟಿತಾ?"

"ಇಲ್ಲ" ಎಂದಳು ಅಕ್ಕ.

ಅವನು ಅವಳ ಮುಖ ನೋಡಿದ. ಬಟ್ಟೆಯ ಸೀಳು ಅವನಿದ್ದಲ್ಲಿಂದಲೇ ಕಾಣುತ್ತಿತ್ತು. ಯಜಮಾನ ಕತ್ತರಿಯನ್ನು ಎತ್ತಿ, ಡ್ರಾಯರಿನೊಳಗಿಟ್ಟು, ಮೆಲ್ಲಗೆ ಬೀಗ ಹಾಕಿದ. ಒಳ್ಳೆಯ ಮನುಷ್ಯ, ಸದ್ದಾಗದ ಹಾಗೆ ಹಾಕಲು ನೋಡಿದ. ಆದರೂ ಸದ್ದಾಯಿತು.

ಅದೇ ದಿನ ಡಾಕ್ಟರರು ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು. ಯಾರನ್ನೂ ಕೇಳದೆ ಬಿಟ್ಟದ್ದಕ್ಕೆ ತಮ್ಮನಿಗೆ ಬೈದರು, ನೋಡಿಕೊಳ್ಳದ್ದಕ್ಕೆ ಅಕ್ಕನಿಗೆ ಬೈದರು. "ನೀವು ಇದೇ ವಿಷಯದಲ್ಲಿ ಸಂಶೋಧನೆ ಮಾಡೋರಂತೆ?" ಎಂದೂ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಕೆಲವೇ ದಿನಗಳಲ್ಲಿ ಚಹಾದ ಲೋಟದ ಕೆನೆ ಮತ್ತೆ ಅಲುಗತೊಡಗಿತು.

ಪ್ರಬಂಧ ಕೈಬಿಟ್ಟುಹೋಯಿತು. ಗೈಡು ಬೇರೆ ದ್ರಾವಕದಲ್ಲಿ ಮೊದಲಿನಿಂದ ಮಾಡಿ ಎಂದು ಹೇಳಿ ಬ್ಯಾಗು ಹೆಗಲಿಗೇರಿಸಿದರು. ಅಕ್ಕ ಮೊದಲಿನಿಂದ ಶುರು ಮಾಡಿದಳು. ಈ ಸಲ ಕಂಟ್ರೋಲ್ ಗುಂಪನ್ನು ಎಲ್ಲಕ್ಕಿಂತ ಮೊದಲು ಮಾಡಿದಳು. ಬೀಳುವ ಇಲಿಗಳನ್ನು ಕಣ್ಣು ತಿರುಗಿಸದೆ ನೋಡಿದಳು. ಅಮ್ಮ ಅಡುಗೆಮನೆಯ ಆ ಪಾತ್ರೆಯನ್ನು ಎಷ್ಟು ಉಜ್ಜಿದರೂ ವಾಸನೆ ಹೋಗದೆ ಬಿಸಾಡಿದಳು.

ಬೆಳಿಗ್ಗೆ ಮತ್ತೆ ಸೂಜಿಗಳ ಸಾಲು. ಅಕ್ಕ ದಾರ ಪೋಣಿಸುತ್ತಾಳೆ, ದಿಂಬಿಗೆ ಚುಚ್ಚುತ್ತಾಳೆ, ಊಟದ ಡಬ್ಬಿಯ ಪಕ್ಕ ಇಡುತ್ತಾಳೆ. ತಮ್ಮ ತೆಗೆದುಕೊಂಡು ಹೋಗುತ್ತಾನೆ. ಸಂಜೆ ಮೂವರೂ ಊಟಕ್ಕೆ ಕೂರುತ್ತಾರೆ. ಇಲಿಗಳ ಸುದ್ದಿ ಮಾತ್ರ ಅವನು ಎತ್ತುವುದಿಲ್ಲ. ಕೇಳಲಿ ಎಂದು ಅವಳು ಕಾದಳು. ತಟ್ಟೆ ಖಾಲಿಯಾಗುವವರೆಗೂ ಕಾಯುವುದು, ಕೈತೊಳೆಯುವ ನಲ್ಲಿಯ ಬಳಿ ಕಾಯುವುದು, ಹೀಗೇ ಎಷ್ಟೋ ಸಂಜೆಗಳು ಹೋದವು. ಕೊನೆಗೊಂದು ದಿನ ತಡೆಯಲಾಗಲಿಲ್ಲ.

"ಇವತ್ತು ಎಲ್ಲಾ ಬಿದ್ದವು ಕಣೋ. ಎಲೆ ಕುಡಿದವೂ ಬಿದ್ದವು" ಎಂದಳು. ಅಷ್ಟು ವರ್ಷಗಳಲ್ಲಿ ಸೋಲನ್ನು ಸೋಲೆಂದೇ ಆ ತಟ್ಟೆಗಳ ಮುಂದೆ ಅವಳು ಹೇಳಿದ್ದು ಅದೇ ಮೊದಲ ಸಲ.

ತಮ್ಮ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಕುಡಿದು ಕೆಳಗಿಟ್ಟ.

"ನಾನು ಕೇಳಲಿಲ್ಲವಲ್ಲ ಅಕ್ಕ" ಎಂದ.